ಗಾಜಿನ ಪೆಟ್ಟಿಗೆಯ ಮುಂದೆ ಅತ್ತವಳು

ಮಾಸ್ಕೋಗೆ ಹೊರಡುವ ಮೊದಲು ನನಗೂ ನನ್ನ ಗಂಡನಿಗೂ ಒಂದು ಒಪ್ಪಂದವಾಗಿತ್ತು. ಅವರು ಅಲ್ಲಿಯ ಕ್ರಾಂತಿನಾಯಕನ ಸಮಾಧಿ ನೋಡಬೇಕು, ನಾನು ಬ್ಯಾಲೆ ನೃತ್ಯ ನೋಡಬೇಕು. ಒಬ್ಬರ ಆಸೆಗೆ ಇನ್ನೊಬ್ಬರು ಮೂಗು ಮುರಿಯುವಂತಿಲ್ಲ. ಒಪ್ಪಂದ ಮುರಿದವಳು ನಾನೇ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಹ್ಯೂಸ್ಟನ್‌ನ ದಕ್ಷಿಣಕ್ಕಿರುವ ಪೇರ್ಲ್ಯಾಂಡ್‌ನಲ್ಲಿ ನಾವು ಮನೆ ಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಊರೊಳಗಿನ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ಆಪರೇಷನ್ ಕೋಣೆಯಿಂದ ಬಂದ ಮಾಂಸದ ತುಣುಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವ ಕೆಲಸ. ಆಗೀಗ ಶವಪರೀಕ್ಷೆಯೂ ಇರುತ್ತಿತ್ತು. ಎದುರಿಗಿರುವುದನ್ನು ಮೊದಲ ನೋಟಕ್ಕೆ ನಂಬಬಾರದು ಎಂಬುದು ಮೈಸೂರಿನಲ್ಲಿ ಓದುವಾಗಲೇ ತಲೆಗೆ ಹತ್ತಿದ ಪಾಠ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಆ ಅಭ್ಯಾಸ ಆಸ್ಪತ್ರೆ ದಾಟಿ ಮನೆಗೂ ಬಂದುಬಿಟ್ಟಿತ್ತು. ತರಕಾರಿಯವನನ್ನು, ಇನ್ಶೂರೆನ್ಸ್ ಏಜೆಂಟನನ್ನು, ಮಗಳ ಫೋನಿನ ದನಿಯನ್ನು, ಎಲ್ಲವನ್ನೂ ಒಂದು ಗಳಿಗೆ ತಡೆದು ನೋಡುವವಳು ನಾನು.

ನನ್ನ ಗಂಡ ಹುಬ್ಬಳ್ಳಿಯವರು. ಕಾಲೇಜಿನಲ್ಲಿದ್ದಾಗ ಕೆಂಪು ಬಾವುಟ ಹಿಡಿದು ಒಂದಷ್ಟು ಮೆರವಣಿಗೆಗಳಲ್ಲಿ ನಡೆದಿದ್ದರು. ವ್ಯಾನಿನಲ್ಲಿ ಬರುತ್ತಿದ್ದ ಅಗ್ಗದ ರಷ್ಯನ್ ಪುಸ್ತಕಗಳನ್ನು ಕೊಂಡು, ಅರ್ಥವಾಗದಿದ್ದರೂ ಅಡಿಗೆರೆ ಎಳೆದು ಓದುತ್ತಿದ್ದರಂತೆ. ಆಮೇಲೆ ಟೆಕ್ಸಸ್‌ಗೆ ಬಂದು ತೈಲಬಾವಿಗಳಿಗೆ ಯಂತ್ರ ಪೂರೈಸುವ ಕಂಪನಿ ಸೇರಿದರು. ಬಾವುಟ ಹೋಯಿತು, ಹಳೆಯ ಮಮತೆ ಉಳಿಯಿತು. ಕಂಪನಿಯ ಕೆಲಸಕ್ಕೆ ಮಾಸ್ಕೋಗೆ ಹೋಗಬೇಕಾಗಿ ಬಂದಾಗ ನನ್ನನ್ನೂ ಹೊರಡಿಸಿದರು.

ಮಾಸ್ಕೋದ ಚೌಕದಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಾಲಿನಲ್ಲಿ ನಿಂತೆವು. ಕ್ಯಾಮೆರಾ ಕೊಡಬೇಕು, ಟೋಪಿ ತೆಗೆಯಬೇಕು, ಮಾತಾಡಬಾರದು. ನನ್ನ ಗಂಡ ಚಳಿಗೆ ಕೋಟಿನ ಜೇಬಿನೊಳಗೆ ಕೈಯಿಟ್ಟಿದ್ದರು; ಕಾವಲಿನವನು ಬಂದು ಮೊಣಕೈ ಮುಟ್ಟಿ ಕೈ ಹೊರಗೆ ತೆಗೆಸಿದ. ಕತ್ತಲೆಯ ಮೆಟ್ಟಿಲಿಳಿದು ಒಳಗೆ ಹೋದರೆ ಗಾಜಿನ ಪೆಟ್ಟಿಗೆ, ಅದರೊಳಗೆ ಕಪ್ಪು ಸೂಟು ತೊಟ್ಟ ಸಣ್ಣ ಆಕಾರದ ಮನುಷ್ಯ. ಒಂದು ಕೈ ಮುಷ್ಟಿ ಕಟ್ಟಿದೆ, ಇನ್ನೊಂದು ಸಡಿಲವಾಗಿ ಮಲಗಿದೆ. ಮುಖದ ಮೇಲೆ ಗುಲಾಬಿ ಬಣ್ಣದ ಬೆಳಕು ಬಿಟ್ಟಿದ್ದರು. ಆ ಬೆಳಕನ್ನು ಕಂಡ ಕೂಡಲೇ ನನ್ನ ಮನಸ್ಸು ಕೆಟ್ಟಿತು. ಸತ್ತ ದೇಹವನ್ನು ಔಷಧಿಯಲ್ಲಿ ಇಟ್ಟರೆ ಅದರ ಬಣ್ಣ ಏನಾಗುತ್ತದೆ ಎಂದು ನನಗೆ ಗೊತ್ತು: ನೆನೆದ ಜೇಡಿಮಣ್ಣಿನ ಹಾಗೆ ಬೂದಿಗಟ್ಟುತ್ತದೆ. ಈತನೋ ಈಗ ತಾನೇ ಸ್ನಾನ ಮಾಡಿ ಮಲಗಿದಂತಿದ್ದ. ನಾನು ಕಿವಿಯ ಕಡೆ ಬಗ್ಗಿ ನೋಡಿದೆ. ಕಾವಲಿನವನು ಕೈಸನ್ನೆ ಮಾಡಿ ಮುಂದಕ್ಕೆ ಕಳಿಸಿದ.

ಹೊರಗೆ ಬಂದಾಗ ನನ್ನ ಗಂಡನ ಕಣ್ಣು ಒದ್ದೆಯಾಗಿತ್ತು. "ನೋಡಿದ್ಯಾ?" ಅಂದರು.

"ನೋಡಿದೆ. ಮೇಣ ಅನ್ಸುತ್ತೆ ರೀ."

"ಏನ್ ಮೇಣ?"

"ಮುಖ. ಕಿವಿ ನೋಡಿದ್ರಾ ನೀವು? ಸತ್ತು ಇಷ್ಟು ವರ್ಷ ಆದ್ಮೇಲೆ ಕಿವಿ ಹಾಗಿರಲ್ಲ."

ಅವರು ಟೋಪಿ ಹಾಕಿಕೊಂಡು ಸ್ವಲ್ಪ ದೂರ ನಡೆದರು. ಆಮೇಲೆ ತಿರುಗಿ, "ಮಂದಿ ತಲಿ ಬಗ್ಗಿಸಿ ಹೋಗೋ ಜಾಗಾದಾಗ ನೀ ಕಿವಿ ನೋಡ್ತಿ. ನಿನಗ ಎಲ್ಲಾದರಾಗೂ ಸಂಶಯ," ಅಂದರು. ಆ ಸಂಜೆಯ ಬ್ಯಾಲೆಗೆ ಒಬ್ಬಳೇ ಹೋಗಿ ಬಂದೆ.

ಕೆಲವು ವರ್ಷ ಕಳೆದ ಮೇಲೆ ಅದೇ ಕಂಪನಿಯ ಕೆಲಸಕ್ಕೆ ಬೀಜಿಂಗ್. ಅಲ್ಲಿಯೂ ದೊಡ್ಡ ಚೌಕ, ದೊಡ್ಡ ಸಾಲು, ಗಾಜಿನೊಳಗೆ ಬಾವುಟ ಹೊದ್ದ ನಾಯಕ. ಒಳಗೆ ಹೋಗುವಾಗ ಜನ ಹೂ ಕೊಂಡು ಅವನ ಪ್ರತಿಮೆಯ ಮುಂದೆ ಇಡುತ್ತಿದ್ದರು. ಒಬ್ಬ ಹೆಂಗಸು ಹೂಗಳನ್ನು ತಳ್ಳುಗಾಡಿಗೆ ತುಂಬಿ ಪಕ್ಕದ ಬಾಗಿಲಿನಿಂದ ಒಯ್ಯುತ್ತಿದ್ದಳು. ಅವು ಎಲ್ಲಿಗೆ ಹೋಗುತ್ತವೆ, ಮತ್ತೆ ಮಾರಾಟಕ್ಕೇ ಬರುತ್ತವೆಯೇ ಎಂದು ನನ್ನ ತಲೆ ಅದರ ಹಿಂದೆಯೇ ಓಡಿತು. ನಿಜವಾದ ದೇಹ ಕೆಳಗಿನ ಮಹಡಿಯಲ್ಲಿದೆ, ಮೇಲೆ ತೋರಿಸುವುದು ಗೊಂಬೆ ಎಂದು ನಮ್ಮ ಹೋಟೆಲಿನಲ್ಲಿ ತಂಗಿದ್ದ ಪ್ರವಾಸಿಯೊಬ್ಬ ಬೇರೆ ಹೇಳಿದ್ದ. ಅವನ ಮಾತನ್ನೂ ನಾನು ನಂಬಲಿಲ್ಲ. ಹೊರಗೆ ಕಾಲಿಟ್ಟರೆ ಅಂಗಡಿ: ನಾಯಕನ ಮುಖವಿದ್ದ ಲೈಟರು, ಗಡಿಯಾರ, ಬಿಲ್ಲೆ. ನನ್ನ ಗಂಡ ಒಂದು ಲೈಟರನ್ನು ಎತ್ತಿ ನೋಡಿ, ಅಲ್ಲೇ ಇಟ್ಟುಬಿಟ್ಟರು.

ಆ ಸಲ ಹ್ಯೂಸ್ಟನ್‌ಗೆ ವಾಪಸಾದಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಮ್ಮ ಪಾಸ್‌ಪೋರ್ಟುಗಳನ್ನು ಹಿಂದೆ ಮುಂದೆ ತಿರುವಿ ನೋಡಿದ. ವಿಮಾನಗಳು ನುಗ್ಗಿ ಆ ಜೋಡಿ ಗಗನಚುಂಬಿ ಕಟ್ಟಡಗಳು ಉರುಳಿದ ಮೇಲಿನ ದಿನಗಳು ಅವು. ನಮ್ಮಂಥ ಕಂದು ಮುಖಗಳನ್ನು ಎಲ್ಲರೂ ಎರಡೆರಡು ಸಲ ನೋಡುತ್ತಿದ್ದರು. "ಮಾಸ್ಕೋ, ಬೀಜಿಂಗ್. ರಜೆಗೆ ಜನ ಫ್ಲೋರಿಡಾಕ್ಕೆ ಹೋಗುತ್ತಾರೆ. ನೀವೇಕೆ ಅಲ್ಲಿಗೆಲ್ಲ?" ಎಂದ. ನನ್ನ ಗಂಡ, "ತೈಲದ ಕೆಲಸ," ಅಂದರು. ಅಷ್ಟಕ್ಕೇ ಅವನ ಮುಖ ಸಡಿಲಾಯಿತು. ಠಸ್ಸೆ ಒತ್ತಿ ಕಳಿಸಿದ. ಹ್ಯೂಸ್ಟನ್‌ನಲ್ಲಿ ಆ ಮಾತೊಂದಕ್ಕೆ ತೆರೆಯದ ಗೇಟಿಲ್ಲ.

ಈಗ ನಮ್ಮ ಪಕ್ಕದ ಮನೆಯವರ ವಿಷಯ ಹೇಳಬೇಕು. ಅವರು ವಿಯೆಟ್ನಾಮಿನ ಹಿರಿಯರು. ದಕ್ಷಿಣ ವಿಯೆಟ್ನಾಮಿನ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಯುದ್ಧ ಸೋತ ಮೇಲೆ ಗೆದ್ದವರು ಅವರನ್ನು ವರ್ಷಗಟ್ಟಲೆ ಕಾಡಿನ ಶಿಬಿರದಲ್ಲಿಟ್ಟು ದುಡಿಸಿದ್ದರು. ಅಲ್ಲಿಂದ ಬಿಡುಗಡೆಯಾಗಿ ಅಮೆರಿಕಕ್ಕೆ ಬಂದು, ಒಂದು ಲೇತ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಹೆಂಡತಿ ತೀರಿಹೋಗಿದ್ದರು, ಮಗ ಡಲ್ಲಾಸ್‌ನಲ್ಲಿದ್ದ. ಇದಿಷ್ಟೂ ನನಗೆ ಒಂದೊಂದೇ ವಾಕ್ಯವಾಗಿ, ಬೇಲಿಯ ಆಚೆಯಿಂದ ಹತ್ತು ವರ್ಷದಲ್ಲಿ ತಿಳಿದದ್ದು. ಅವರ ಇಂಗ್ಲಿಷ್ ತುಂಡು ತುಂಡು, ನಮ್ಮ ಹರಟೆಯೆಲ್ಲ ಗಿಡಗಳದ್ದೇ. ಅವರು ನಿಂಬೆಹುಲ್ಲು, ಹಾಗಲಕಾಯಿ ಕೊಡುತ್ತಿದ್ದರು. ನಾನು ಕರಿಬೇವು ಕೊಡುತ್ತಿದ್ದೆ, ಅದನ್ನು ಏನು ಮಾಡುತ್ತಿದ್ದರೋ ಕೇಳಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಅವರು ಮಾಂಸ ಮುಟ್ಟುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಹುಣ್ಣಿಮೆಯ ದಿನ ಒಂದು ಡಬ್ಬಿ ಚಿತ್ರಾನ್ನ ಅವರ ಮನೆಗೆ ಹೋಗುವುದು ರೂಢಿಯಾಯಿತು. ನಮ್ಮ ಮಗಳು ಅವರನ್ನು ಅಂಕಲ್ ಅನ್ನುತ್ತಿದ್ದಳು, ಅವರಿಗೆ ಅದು ಇಷ್ಟವಾಗಿತ್ತು. ಅವರ ಜಗುಲಿಯಲ್ಲಿ ಹಳದಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟಿಯ ಒಂದು ಬಾವುಟ ತೂಗುತ್ತಿತ್ತು. ಯಾವುದೋ ದೇವಸ್ಥಾನದ್ದಿರಬೇಕು ಎಂದುಕೊಂಡಿದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ನನ್ನ ಗಂಡನಿಗೆ ವಿಯೆಟ್ನಾಮಿನ ಕರಾವಳಿಯಲ್ಲಿ ಕೆಲಸ ಬಂತು. ಕೆಲಸ ಮುಗಿಸಿ ಹನೋಯ್‌ಗೆ ಹೋದೆವು. ಅಲ್ಲಿಯೂ ಒಬ್ಬ ನಾಯಕ ಗಾಜಿನಲ್ಲಿ ಮಲಗಿದ್ದಾನಲ್ಲ. ಸತ್ತ ಮೇಲೆ ತನ್ನನ್ನು ಸುಟ್ಟು ಬೂದಿ ಮಾಡಬೇಕು ಎಂದು ಅವನು ಬರೆದಿಟ್ಟಿದ್ದನೆಂದು ಹೋಟೆಲಿನ ಗೈಡ್ ಪುಸ್ತಕದಲ್ಲಿ ಓದಿದೆ. ಸುಡಬೇಕಾದವನನ್ನು ಹೀಗೆ ಇಟ್ಟುಕೊಂಡಿದ್ದಾರಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಆದರೂ ಈ ಸಲ ಸರಿಯಾಗಿ ನೋಡಿಯೇ ಬಿಡಬೇಕು, ಉಗುರು, ಕಣ್ಣಿನ ಅಂಚು, ಕೈಯ ಚರ್ಮ ಎಲ್ಲ ನೋಡಿ ಒಂದು ತೀರ್ಮಾನಕ್ಕೆ ಬರಬೇಕು ಎಂದು ಗಟ್ಟಿ ಮಾಡಿಕೊಂಡು ಸಾಲಿನಲ್ಲಿ ನಿಂತೆ.

ಇಬ್ಬಿಬ್ಬರಾಗಿ ಒಳಗೆ ಬಿಡುತ್ತಿದ್ದರು. ಬಿಳಿ ಸಮವಸ್ತ್ರದ ಸೈನಿಕರು ಮೂಲೆಮೂಲೆಗೂ ನಿಂತಿದ್ದರು. ನಮ್ಮ ಮುಂದೆ ಒಬ್ಬ ಹಳ್ಳಿಯ ಮುದುಕಿ. ಕಂದು ಬಣ್ಣದ ಕುಪ್ಪಸ, ಕಪ್ಪು ಪೈಜಾಮ, ತಲೆಗೆ ಸುತ್ತಿದ ಬಟ್ಟೆ. ಎಲೆ ಅಡಿಕೆ ಹಾಕಿ ತುಟಿಯೆಲ್ಲ ಕೆಂಪಾಗಿತ್ತು. ಹೊರಗೆ ಸಾಲಿನಲ್ಲಿದ್ದಾಗ ಅವಳು ನನ್ನ ಸೀರೆಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿ ನಕ್ಕಿದ್ದಳು. ಒಳಗೆ ಥಣ್ಣಗಿತ್ತು. ಗಾಜಿನ ಪೆಟ್ಟಿಗೆ ಕಣ್ಣಿಗೆ ಬಿತ್ತೋ ಇಲ್ಲವೋ, ಮುದುಕಿ ಅಳತೊಡಗಿದಳು. ಸದ್ದಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ನನಗೆ ತಟ್ಟನೆ ಅನಿಸಿದ್ದು ಏನೆಂದರೆ, ಇವಳನ್ನು ಅಳುವುದಕ್ಕೆಂದೇ ಕರೆಸಿದ್ದಾರೆ. ವಿದೇಶಿಯರಿದ್ದ ಸಾಲಿನಲ್ಲಿ ಸರಿಯಾಗಿ ನಮ್ಮ ಮುಂದೆಯೇ ಒಬ್ಬ ಬಡ ಮುದುಕಿ ಬಂದು ಅಳುವುದೆಂದರೇನು? ನಾನು ಅವಳನ್ನೇ ನೋಡತೊಡಗಿದೆ. ಮೂಗಿನಿಂದ ನೀರು ಇಳಿಯುತ್ತಿತ್ತು, ತೋಳಿನಿಂದ ಒರೆಸಿಕೊಂಡಳು. ಕತ್ತಿನ ನರ ಬಿಗಿದಿತ್ತು. ಒಬ್ಬ ಸೈನಿಕ ಅವಳ ಮೊಣಕೈ ಹಿಡಿದು ಮೆಲ್ಲಗೆ ಮುಂದಕ್ಕೆ ನಡೆಸಿದ. ಅವಳ ಮೇಲಿನ ಕಣ್ಣು ತೆಗೆದು ಪೆಟ್ಟಿಗೆಯ ಕಡೆ ತಿರುಗುವಷ್ಟರಲ್ಲಿ ನಾವು ನಾಯಕನ ಕಾಲಿನ ಕಡೆ ದಾಟಿಬಿಟ್ಟಿದ್ದೆವು. ಬಿಳಿ ಗಡ್ಡದ ಒಂದು ಎಳೆ ಕಂಡಂತಾಯಿತು, ಅಷ್ಟೆ.

ಹೊರಗೆ ಬಂದ ಮೇಲೆ ಮುದುಕಿ ಕಲ್ಲಿನ ಅಂಚಿನ ಮೇಲೆ ಕುಳಿತಳು. ಅವಳನ್ನು ನೋಡುವವರು ಈಗ ಯಾರೂ ಇರಲಿಲ್ಲ. ಜನ ಕ್ಯಾಮೆರಾ ವಾಪಸು ಪಡೆಯಲು ಓಡುತ್ತಿದ್ದರು. ಆಗಲೂ ಅಳುತ್ತಿದ್ದಳು. ನಾನು ನೀರಿನ ಬಾಟಲಿ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಕೈ ಹಿಡಿದುಕೊಂಡು ಏನೋ ಹೇಳಿದಳು. ಅದು ನನಗೆ ಅರ್ಥವಾಗಲಿಲ್ಲ.

"ಈ ಸಲನಾದರೂ ಗೊತ್ತಾತೇನು, ಮೇಣೋ ಖರೇನೋ?" ಎಂದು ನನ್ನ ಗಂಡ ರೇಗಿಸಿದರು. ಬೀದಿಬದಿಯ ಅಂಗಡಿಯಲ್ಲಿ ಅವರು ಕೆಂಪು ಟೀ ಶರ್ಟ್ ಒಂದನ್ನು ಕೊಂಡರು. ಎದೆಯ ಮೇಲೆ ದೊಡ್ಡ ಹಳದಿ ನಕ್ಷತ್ರ.

ಮನೆಗೆ ಬಂದ ವಾರಕ್ಕೋ ಏನೋ, ಅವರು ಆ ಶರ್ಟ್ ಹಾಕಿಕೊಂಡು ಮುಂದಿನ ಲಾನ್ ಕತ್ತರಿಸಿದರು. ಬಿಸಿಲಿಗೆ ತೆಳುವಾದ ಬಟ್ಟೆ, ಹಿತವಾಗಿದೆ ಎಂದು ಮುಂದಿನ ಶನಿವಾರವೂ ಅದನ್ನೇ ಹಾಕಿಕೊಂಡರು. ಅಲ್ಲಿಂದ ಪಕ್ಕದ ಮನೆಯ ಹಿರಿಯರು ಬೇಲಿಯ ಬಳಿ ಬರುವುದು ನಿಂತಿತು. ನಾನು ಬೇಲಿಯ ಮೇಲೆ ಇಟ್ಟ ಕರಿಬೇವು ಅಲ್ಲೇ ಒಣಗಿತು. ಕಾರು ನಿಲ್ಲಿಸಿ ಕೈ ಎತ್ತಿದರೆ ಅವರು ಮುಖ ತಿರುಗಿಸಿ ಒಳಗೆ ಹೋದರು. ಹಿತ್ತಿಲ ಗೇಟಿಗೆ ಒಂದು ಸರಪಳಿ ಬಂತು.

ನನಗೆ ತೋಚಿದ ಕಾರಣಗಳೆಲ್ಲ ಬೇರೆ. ನಮ್ಮ ಓಕ್ ಮರದ ಎಲೆ ಅವರ ಸೂರಿನ ದೋಣಿಯಲ್ಲಿ ತುಂಬಿರಬೇಕು. ಇಲ್ಲವೇ ಬೇಲಿಯ ಗಡಿಯ ಬಗ್ಗೆ ಯಾರೋ ಕಿವಿ ಊದಿರಬೇಕು. ಮನೆ ಮಾರುವ ಯೋಚನೆಯಿದ್ದು ಅದನ್ನು ಮುಚ್ಚಿಡುತ್ತಿದ್ದಾರೆ ಎಂದೂ ಒಂದು ದಿನ ಅನಿಸಿತು. ಅಡುಗೆಮನೆಯ ಕಿಟಕಿಯಿಂದ ಅವರ ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುತ್ತಿದ್ದೆ. ಅವರ ಕಿಟಕಿಯ ಪರದೆಯೂ ಆಗಾಗ ಅಲುಗುತ್ತಿತ್ತು. ಆ ಕಡೆಯಿಂದ ಅವರೂ ನಮ್ಮನ್ನು ನೋಡುತ್ತಿದ್ದರು.

ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ವಾರಾಂತ್ಯಕ್ಕೆ ಬಟ್ಟೆಯ ಮೂಟೆ ಹೊತ್ತು ಬಂದಳು. ಒಗೆಯಲು ಹಾಕುವಾಗ ಆ ಕೆಂಪು ಶರ್ಟ್ ಅವಳ ಕೈಗೆ ಸಿಕ್ಕಿತು. "ಓ ಮೈ ಗಾಡ್, ಅಮ್ಮಾ! ಡ್ಯಾಡ್ ಇದನ್ನ ಹೊರಗಡೆ ಹಾಕ್ಕೊಂಡಿದ್ರಾ?"

"ಹೌದು. ಲಾನ್ ಕಟ್ ಮಾಡುವಾಗ. ಯಾಕೆ?"

ಅವಳು ತಲೆ ಹಿಡಿದುಕೊಂಡು ಕುಳಿತಳು. ಅವಳ ರೂಮಿನಲ್ಲಿ ಒಬ್ಬ ವಿಯೆಟ್ನಾಮಿ ಹುಡುಗಿ ಇದ್ದಳಂತೆ. ಆ ಹುಡುಗಿಯ ತಂದೆ ಒಂದು ಹೋಟೆಲಿನ ಗೋಡೆಯಲ್ಲಿ ಈ ನಕ್ಷತ್ರದ ಬಾವುಟ ಕಂಡದ್ದಕ್ಕೆ, ತಟ್ಟೆಯ ಊಟ ಬಿಟ್ಟು ಎದ್ದು ಹೋದರಂತೆ. ಇಲ್ಲಿಗೆ ಓಡಿಬಂದವರಿಗೆ ಅದು ಗೆದ್ದವರ ಬಾವುಟ, ತಮ್ಮನ್ನು ಜೈಲಿಗೆ ಹಾಕಿದವರ ಬಾವುಟ. ಅಂಕಲ್ ಮನೆಯ ಜಗುಲಿಯಲ್ಲಿ ತೂಗುವ ಹಳದಿ ಬಾವುಟ ಅವರು ಕಳೆದುಕೊಂಡ ದೇಶದ್ದು. ಇದನ್ನೆಲ್ಲ ಅವಳು ಇಂಗ್ಲಿಷಿನಲ್ಲಿ ಪಟಪಟ ಹೇಳಿದಳು. ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನಾ ಹೋಗಿ ಕಾಲಿಗೆ ಬೀಳ್ತೀನಿ," ಎಂದು ಚಪ್ಪಲಿ ಹುಡುಕಿದರು.

"ನೀವು ಬೇಡ ರೀ. ನಾನು ಹೋಗ್ತೀನಿ. ನಾಡಿದ್ದು ಹುಣ್ಣಿಮೆ," ಅಂದೆ.

ಚಿತ್ರಾನ್ನದ ಡಬ್ಬಿ ಹಿಡಿದು ಅವರ ಬಾಗಿಲ ಮುಂದೆ ನಿಂತೆ. ಮರದ ಬಾಗಿಲು ತೆರೆಯಿತು, ಜಾಲರಿಯ ಬಾಗಿಲು ತೆರೆಯಲಿಲ್ಲ. ಅದರ ಆಚೆಯಿಂದಲೇ ಅವರು ಕೇಳಿದರು, "ಡಾಕ್ಟರ್, ನೀವು ಯಾವ ಪಕ್ಷ?"

"ಯಾವ ಪಕ್ಷವೂ ಅಲ್ಲ. ಅದು ಅಂಗಡಿಯಲ್ಲಿ ಕೊಂಡ ಶರ್ಟ್. ನಮಗೆ ತಿಳಿಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ."

"ಮಾಸ್ಕೋಗೆ ಹೋದಿರಿ. ನಾನು ಏನೂ ಹೇಳಲಿಲ್ಲ. ಬೀಜಿಂಗ್‌ಗೆ ಹೋದಿರಿ. ಏನೂ ಹೇಳಲಿಲ್ಲ. ಈಗ ಹನೋಯ್. ಮೂರೂ ಕಡೆಗೆ ಸುಮ್ಮನೆ ಹೋಗುವವರು ಯಾರು?"

ಅವರ ಕಡೆಯಿಂದ ನೋಡಿದರೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. ನನಗೂ ಯಾರಾದರೂ ಹಾಗೆ ಮೂರು ಊರಿನ ಹೆಸರು ಹೇಳಿದ್ದರೆ ನಾನೂ ಹುಬ್ಬು ಏರಿಸುತ್ತಿದ್ದೆ. ನಿಜ ಹೇಳದೆ ಬೇರೆ ದಾರಿಯಿರಲಿಲ್ಲ. "ಅಲ್ಲಿ ಮಲಗಿಸಿರುವುದು ನಿಜವಾದ ದೇಹವೋ ಮೇಣದ ಗೊಂಬೆಯೋ ನೋಡಬೇಕಿತ್ತು. ನನ್ನ ಕೆಲಸವೇ ಅಂಥದ್ದು. ನನಗೆ ಮೊದಲಿನಿಂದ ಅನುಮಾನ," ಅಂದೆ.

ಅವರು ನನ್ನನ್ನೂ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದರು. ಆಮೇಲೆ ಜಾಲರಿಯ ಚಿಲಕ ತೆಗೆದರು.

ಅಷ್ಟು ವರ್ಷದಲ್ಲಿ ನಾನು ಆ ಮನೆಯ ಒಳಗೆ ಕೂತದ್ದು ಅದೇ ಮೊದಲು. ಊದಿನಕಡ್ಡಿಯ ವಾಸನೆ. ಗೋಡೆಯ ಹಲಗೆಯ ಮೇಲೆ ತಂದೆ ತಾಯಿಯರ ಫೋಟೋ, ಹೆಂಡತಿಯ ಫೋಟೋ, ಒಂದು ತಟ್ಟೆ ಕಿತ್ತಳೆ. ಅವರು ಡಬ್ಬಿಯನ್ನು ಅಲ್ಲಿಟ್ಟು ಕೈಮುಗಿದು ಬಂದು ನನ್ನೆದುರು ಕುಳಿತರು. "ಈಗ ಹೇಳಿ. ನೀವು ಸತ್ತವರನ್ನು ಬಲ್ಲವರು. ಅಲ್ಲಿರುವುದು ಅವನೇನಾ? ಅವನು ನಿಜವಾಗಿ ಸತ್ತು ಅಲ್ಲಿ ಬಿದ್ದಿದ್ದಾನಾ?"

ಅವರಿಗೆ ಯಾವ ಉತ್ತರ ಬೇಕಿತ್ತೋ ನನಗೆ ತಿಳಿಯಲಿಲ್ಲ. ಹೌದು ಅಂದರೆ ಸಮಾಧಾನವೋ, ಮೇಣ ಅಂದರೆ ಸಮಾಧಾನವೋ. "ನಾನು ಸರಿಯಾಗಿ ನೋಡಲಿಲ್ಲ," ಅಂದೆ.

"ಅಷ್ಟು ದೂರ ಹೋಗಿ?"

"ನನ್ನ ಮುಂದೆ ಒಬ್ಬ ಹೆಂಗಸು ಅಳುತ್ತಿದ್ದಳು. ಅವಳನ್ನೇ ನೋಡುತ್ತಿದ್ದೆ. ದುಡ್ಡು ಕೊಟ್ಟು ಅಳಿಸುತ್ತಿದ್ದಾರೆ ಅಂದುಕೊಂಡೆ."

"ಅದೇ ಸರಿ. ದುಡ್ಡು ಕೊಟ್ಟಿರುತ್ತಾರೆ," ಅಂದರು ಅವರು ಕೂಡಲೇ.

"ಆದರೆ ಹೊರಗೆ ಬಂದ ಮೇಲೂ ಅತ್ತಳು. ಯಾರೂ ನೋಡದಿದ್ದರೂ ಅತ್ತಳು."

ಅವರು ಮುಂದಕ್ಕೆ ಬಗ್ಗಿದರು. "ಎಷ್ಟು ವಯಸ್ಸು? ಹೇಗಿದ್ದಳು?"

ನನಗೆ ನೆನಪಿದ್ದಷ್ಟು ಹೇಳಿದೆ. ಕಂದು ಕುಪ್ಪಸ, ತಲೆಗೆ ಸುತ್ತಿದ ಬಟ್ಟೆ, ಎಲೆ ಅಡಿಕೆಯ ತುಟಿ, ನನ್ನ ಸೆರಗು ಮುಟ್ಟಿ ನಕ್ಕದ್ದು. ಎಲೆ ಅಡಿಕೆ ಎಂಬ ಮಾತಿಗೆ ಅವರು ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ಎದ್ದು ಹೋಗಿ ನೀರು ಕುಡಿದು ಬಂದರು.

"ನನ್ನ ಅಕ್ಕ," ಅಂದರು.

ನಾನು ಬೆಚ್ಚಿದೆ. ಅವರು ತಲೆಯಾಡಿಸಿದರು. "ಅವಳೇ ಅಂತಲ್ಲ. ನನ್ನ ಅಕ್ಕನೂ ಹಾಗೇ ಇರುತ್ತಾಳೆ. ಹಾಗೇ ಅಳುತ್ತಾಳೆ."

ಅವರು ಮೂಲತಃ ಉತ್ತರದವರು ಎಂದು ನನಗೆ ಗೊತ್ತಾದದ್ದು ಆಗಲೇ. ದೇಶ ಎರಡು ಭಾಗವಾದಾಗ ಮೀಸೆ ಬಾರದ ವಯಸ್ಸಿನಲ್ಲಿ ಚಿಕ್ಕಪ್ಪನ ಜೊತೆ ದಕ್ಷಿಣಕ್ಕೆ ಬಂದವರು. ಮದುವೆಯಾಗಿದ್ದ ಅಕ್ಕ ಹನೋಯ್‌ಗೆ ಹತ್ತಿರದ ಹಳ್ಳಿಯಲ್ಲೇ ಉಳಿದಳು. ಅವಳ ಒಬ್ಬನೇ ಮಗ ಉತ್ತರದ ಸೈನ್ಯಕ್ಕೆ ಸೇರಿ ದಕ್ಷಿಣಕ್ಕೆ ಯುದ್ಧಕ್ಕೆ ಬಂದ, ಹಿಂತಿರುಗಲಿಲ್ಲ. ಇವರು ಅದೇ ಯುದ್ಧದಲ್ಲಿ ದಕ್ಷಿಣದ ಕಡೆಗೆ ಇದ್ದರು. ಸೋತ ಮೇಲೆ ಇವರನ್ನು ಉತ್ತರದ ಒಂದು ಶಿಬಿರಕ್ಕೆ ಸಾಗಿಸಿದಾಗ, ಅಕ್ಕ ಹೇಗೋ ಪತ್ತೆ ಹಚ್ಚಿ, ಬಸ್ಸು ಹತ್ತಿ, ಉಳಿದ ದಾರಿ ನಡೆದು, ಅನ್ನ ಮತ್ತು ಎಳ್ಳುಪುಡಿ ಕಟ್ಟಿಕೊಂಡು ನೋಡಲು ಬಂದಳು.

"ಇಪ್ಪತ್ತು ವರ್ಷದ ಮೇಲೆ ನೋಡಿದ್ದು. ಅವಳು ಏನು ಹೇಳಿದಳು ಗೊತ್ತಾ? ಅವರು ಬದುಕಿದ್ದರೆ ನಿನಗೆ ಹೀಗಾಗಲು ಬಿಡುತ್ತಿರಲಿಲ್ಲ ಅಂದಳು. ಅವರು ಅಂದರೆ, ಆ ಗಾಜಿನೊಳಗೆ ಇರುವವನು." ಅವರು ಗೋಡೆಯ ಫೋಟೋಗಳ ಕಡೆ ತಿರುಗಿದರು. "ನಾನು ಎದ್ದು ಒಳಗೆ ಹೋದೆ. ಅದಾದ ಮೇಲೆ ಅವಳನ್ನು ನೋಡಿಲ್ಲ. ಸರ್ಕಾರ ಬೀಳುವ ತನಕ ಆ ಮಣ್ಣಿಗೆ ಕಾಲಿಡುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದೆ."

ಏನಾದರೂ ಹೇಳಬೇಕಲ್ಲ ಎಂದು, ಆ ನಾಯಕ ತನ್ನನ್ನು ಸುಡಲು ಹೇಳಿದ್ದನಂತೆ, ಇವರು ಕೇಳಲಿಲ್ಲವಂತೆ ಎಂದೆ. "ಅದೂ ಅವರು ಕಟ್ಟಿದ ಕಥೆ ಇರಬಹುದು," ಅಂದರು ಅವರು. ನನ್ನನ್ನು ಬಿಡಲು ಬಾಗಿಲ ತನಕ ಬಂದಾಗ, "ನಿಜವಾಗಿದ್ದರೂ ಇರಬಹುದು," ಎಂದು ಸೇರಿಸಿದರು.

ಅಲ್ಲಿಂದ ಬೇಲಿಯ ಬಳಿ ನಮ್ಮ ಮಾತು ಮತ್ತೆ ಶುರುವಾಯಿತು, ಆದರೆ ಗಿಡಗಳ ಮಾತು ಕಡಿಮೆಯಾಯಿತು. ಹನೋಯ್‌ನಲ್ಲಿ ವಿಮಾನ ನಿಲ್ದಾಣದಿಂದ ಊರಿಗೆ ಎಷ್ಟು ದೂರ, ಪೊಲೀಸರು ಏನು ಕೇಳುತ್ತಾರೆ, ಜನ ಬೀದಿಯಲ್ಲಿ ಜೋರಾಗಿ ಮಾತಾಡುತ್ತಾರಾ ಎಂದು ಕೇಳುತ್ತಿದ್ದರು. ನನ್ನ ಗಂಡ ಒಂದು ದಿನ ಹಿಂಜರಿಯುತ್ತಾ ಹೋಗಿ ಕ್ಷಮೆ ಕೇಳಿದರು. ಕಾಲೇಜು ದಿನಗಳ ಮೆರವಣಿಗೆಯನ್ನೂ ಮುಚ್ಚಿಡದೆ ಹೇಳಿದರು. ಹಿರಿಯರು ಕೇಳಿಸಿಕೊಂಡು, "ನಿಮ್ಮ ಊರಿನಲ್ಲಿ ಅವರು ಗೆಲ್ಲಲಿಲ್ಲ. ನೀವು ಅದೃಷ್ಟವಂತರು," ಅಂದರಂತೆ.

ಒಂದು ಭಾನುವಾರ ಡಲ್ಲಾಸ್‌ನಿಂದ ಅವರ ಮಗ ಫೋನ್ ಮಾಡಿದ. ನಮ್ಮ ನಂಬರು ಅವನಿಗೆ ಹೇಗೆ ಸಿಕ್ಕಿತೋ. "ಅಪ್ಪ ಟಿಕೆಟ್ ಬುಕ್ ಮಾಡಿದ್ದಾರೆ. ನೀವು ಅವರಿಗೆ ಏನು ಹೇಳಿದಿರಿ?" ಎಂದು ನೇರವಾಗಿ ಕೇಳಿದ.

"ನಾನೇನೂ ಹೇಳಲಿಲ್ಲ. ಅವರಿಗೆ ಅಕ್ಕನನ್ನು ನೋಡಬೇಕಂತೆ."

"ಅಕ್ಕ ಇದ್ದಾಳೆ ಎಂದು ಅವರು ನನಗೇ ಹೇಳಿಲ್ಲ. ಅಲ್ಲಿ ಇಳಿದ ಕೂಡಲೇ ಅವರನ್ನು ಹಿಡಿದರೆ ನೀವು ಬಿಡಿಸಿಕೊಂಡು ಬರುತ್ತೀರಾ?"

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಅವರು ಹೊರಟ ಮೇಲೆ ದಿನವೂ ಅವರ ಮನೆಯ ಗಿಡಗಳಿಗೆ ನೀರು ಹಾಕುವಾಗ, ನಾನು ಆ ಅಳುವ ಹೆಂಗಸಿನ ಕಥೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತೇ ಎಂದು ಯೋಚಿಸುತ್ತಿದ್ದೆ. ಮಗ ಹೆದರಿದ್ದು ಸುಮ್ಮನೆಯಲ್ಲ. ಫೋನ್ ಸದ್ದಾದರೆ ಡಲ್ಲಾಸ್‌ನ ನಂಬರೇ ಎಂದು ಮೊದಲು ನೋಡುತ್ತಿದ್ದೆ.

ಅವರು ಬಂದರು. ಬಿಸಿಲಿಗೆ ಕಪ್ಪಾಗಿ, ಸ್ವಲ್ಪ ದಪ್ಪವಾಗಿಯೇ ಬಂದರು. ಜಗುಲಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಅಕ್ಕ ಬದುಕಿದ್ದಾಳೆ. ಮಂಡಿ ನೋವು, ಕಿವಿ ಮಂದ. ಇವರನ್ನು ಕಂಡು ಮೊದಲು ಕೇಳಿದ್ದು, ಶಿಬಿರಕ್ಕೆ ತಂದಿದ್ದ ಅನ್ನ ನಿನಗೆ ಕೊಟ್ಟರಾ ಎಂದು. ಕೊಟ್ಟರು, ತಿಂದೆ ಎಂದು ಇವರು ಸುಳ್ಳು ಹೇಳಿದರಂತೆ. ಎರಡನೆಯ ವಾರ ಅವಳು ತನ್ನನ್ನು ಸಮಾಧಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಹೆಣ್ಣುಮಕ್ಕಳ ಕಡೆಯ ಮೊಮ್ಮಕ್ಕಳು ಯಾರೂ ಕರೆದೊಯ್ಯುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಇವರು ಟ್ಯಾಕ್ಸಿ ಮಾಡಿಕೊಂಡು ಹೋದರು. ಸಾಲಿನ ತನಕ ಕೈ ಹಿಡಿದು ನಡೆಸಿದರು. ಒಳಗೆ ಹೋಗಲಿಲ್ಲ. ಚೀಲ ಒಳಗೆ ಬಿಡುವುದಿಲ್ಲವಾದ್ದರಿಂದ ಅಕ್ಕನ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ಮರದ ಕೆಳಗೆ ಕುಳಿತರು.

"ಬಂದಾಗ ಅತ್ತಿದ್ದರಾ?" ಎಂದು ಕೇಳಿದೆ.

"ಇಲ್ಲ. ಒಳಗೆ ತುಂಬಾ ಚಳಿ, ಪಾಪ ಅವರಿಗೆ ಒಂದು ಕಂಬಳಿ ಹೊದಿಸಬಾರದಾ ಅಂದಳು." ಹಿರಿಯರು ನಕ್ಕರು, ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಆಮೇಲೆ ನಿನಗೆ ಹಸಿವಾಗಿಲ್ಲವಾ ಅಂದಳು. ಇಬ್ಬರೂ ಬೀದಿಯಲ್ಲಿ ಕುಳಿತು ನೂಡಲ್ಸ್ ತಿಂದೆವು."

ಹ್ಯೂಸ್ಟನ್‌ನಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ದಕ್ಷಿಣ ವಿಯೆಟ್ನಾಮಿನ ಹಳೆಯ ಸೈನಿಕರ ಒಂದು ಬಳಗ ಇತ್ತು. ಪ್ರತಿ ವರ್ಷ ಅವರ ಹೊಸ ವರ್ಷದ ಹಬ್ಬಕ್ಕೆ ಸಮವಸ್ತ್ರ ಹಾಕಿ ಹಳದಿ ಬಾವುಟ ಹಿಡಿದು ನಡೆಯುತ್ತಿದ್ದರು. ಬಾವುಟ ಹಿಡಿಯುವವರು ಇವರೇ. ಆ ವರ್ಷ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟರು. ನಿನ್ನನ್ನು ಅಲ್ಲಿಗೆ ಕಳಿಸಿದವರು ಯಾರು, ಯಾರನ್ನು ಭೇಟಿಯಾದೆ ಎಂದು ಒಬ್ಬ ಹಳೆಯ ಗೆಳೆಯ ಎಲ್ಲರ ಎದುರು ಕೇಳಿದನಂತೆ. ಶಿಬಿರದಲ್ಲಿ ಒಂದೇ ಚಾಪೆಯಲ್ಲಿ ಮಲಗಿದ್ದ ಗೆಳೆಯ. ಇವರು ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟು ಬಂದುಬಿಟ್ಟರು. ಅದರ ಮೇಲೆ ಕೆಲವು ತಿಂಗಳು ಅವರ ಮನೆಯ ಮುಂದೆ ಬೇರೆ ಕಾರು ನಿಂತದ್ದನ್ನು ನಾನು ಕಾಣಲಿಲ್ಲ. ಜಗುಲಿಯ ಬಾವುಟ ಮಾತ್ರ ಇವರು ತೆಗೆಯಲಿಲ್ಲ.

ಮುಂದಿನ ವರ್ಷ ಅಕ್ಕನಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಮಗ ಈ ಸಲ ಜಗಳ ಮಾಡಲಿಲ್ಲ, ಆದರೆ ಡಲ್ಲಾಸ್‌ನಿಂದ ಬರಲೂ ಇಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಊರಿನ ಈ ತುದಿಯಿಂದ ಆ ತುದಿಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹೋಗುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ತೊಡೆಯ ಮೇಲೆ ಅಕ್ಕನಿಗೆಂದು ಮಂಡಿ ನೋವಿನ ಮುಲಾಮು, ಬೆಚ್ಚನೆಯ ಕಾಲುಚೀಲ. ನಿಲ್ದಾಣ ಹತ್ತಿರ ಬಂದಾಗ ಅವರು ನನ್ನ ಕಡೆ ತಿರುಗಿದರು.

"ನಿನ್ನೆ ಸಂಜೆ ಆ ಗೆಳೆಯ ಫೋನ್ ಮಾಡಿದ್ದ," ಅಂದರು.

"ಯಾರು, ಅವತ್ತು ಹಾಗೆ ಕೇಳಿದವರಾ?"

"ಅವನೇ. ಮತ್ತೆ ಹೋಗುತ್ತಿದ್ದೀಯಂತೆ ಅಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಅಕ್ಕನ ಊರಿನಿಂದ ಎರಡು ಊರು ಆಚೆಗೆ ಅವನ ತಾಯಿಯ ಮನೆ ಇತ್ತಂತೆ. ಬಾಗಿಲಲ್ಲಿ ಬಾವಿ ಇತ್ತಂತೆ. ಅಲ್ಲಿ ಈಗ ಯಾರಾದರೂ ಇದ್ದಾರಾ ನೋಡಿಕೊಂಡು ಬಾ ಅಂದ."

"ನೀವೇನು ಹೇಳಿದಿರಿ?"

"ನೋಡುತ್ತೇನೆ ಅಂದೆ. ಯಾರಿಗೂ ಹೇಳಬೇಡ ಅಂದ." ಅವರು ಸೀಟ್ ಬೆಲ್ಟ್ ಬಿಚ್ಚಿದರು. "ನಿಮಗೆ ಹೇಳಿಬಿಟ್ಟೆ."

ಕಾರು ನಿಲ್ಲಿಸಿ ಹಿಂದಿನಿಂದ ಪೆಟ್ಟಿಗೆ ಇಳಿಸಿಕೊಟ್ಟೆ. ಅವರು ಅದರ ಹಿಡಿ ಎಳೆದು, ಪಾಸ್‌ಪೋರ್ಟ್ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು, ಗಾಜಿನ ಬಾಗಿಲಿನ ಕಡೆ ನಡೆದರು.